ಬ್ಯಾಳಿಯಾಗಿನ ಗುಳಿಗೆ

ಧಾರವಾಡದಿಂದ ಹೆಬ್ಬಳ್ಳಿಗೆ ಹೋಗುವ ಹಾದಿಯಲ್ಲಿ ನಮ್ಮ ಬೀಗರ ಹೊಲ ಇದೆ. ಪ್ರತಿ ಚಳಿಗಾಲಕ್ಕೆ ಅಲ್ಲಿ ಸೀತನಿ ಸುಡುತ್ತಾರೆ. ಹಿಂಗಾರಿ ಜೋಳದ ತೆನೆ ಹಾಲು ತುಂಬಿಕೊಂಡು ಇನ್ನೂ ಬಲಿಯದೆ ನಿಂತಿರುವ ಹತ್ತು ಹದಿನೈದು ದಿನವಷ್ಟೇ ಸಿಗುವ ಭಾಗ್ಯ ಅದು. ಕುಣಿ ತೋಡಿ, ಕುಳ್ಳು ಒಟ್ಟಿ, ಬೆಂಕಿ ಇಳಿದು ಕೆಂಡವಾದ ಮೇಲೆ ತೆನೆ ಹುಗಿಯುತ್ತಾರೆ. ಕೈ ಸುಡುತ್ತಿರುವಾಗಲೇ ಗೋಣಿತಟ್ಟಿನ ಮೇಲೆ ತಿಕ್ಕಿದರೆ ಹಸಿರು ಕಾಳು ಉದುರುತ್ತದೆ. ಜೊತೆಗೆ ಶೇಂಗಾ ಚಟ್ನಿ, ಬೆಲ್ಲ, ಗಟ್ಟಿ ಮೊಸರು. ಹೋದ ವರ್ಷ ಹೊತ್ತು ಮುಳುಗಿದರೂ ಯಾರೂ ಏಳಲಿಲ್ಲ. ಕೆಂಡದ ಸುತ್ತ ಕೂತು ಮಾತಾಡುತ್ತಿದ್ದೆವು.

ಆಗ ಬೀಗರ ಮನೆಯ ಸೊಸೆಯೊಬ್ಬಳು ಪಕ್ಕದವಳಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಫೋನಿನಾಗ ತರಸೇನಿ. ಪುಡಿ ಅದು. ಊಟದಾಗ ಹಾಕಿದ್ರ ಅವರಿಗೆ ಗೊತ್ತ ಆಗೂದಿಲ್ಲಂತ. ತಿಂಗಳದಾಗ ಕುಡಿಯೂದು ತಾನ ಬಿಡತಾರಂತ."

"ಹಾಕಬ್ಯಾಡ," ಅಂದೆ. ದನಿ ಎಷ್ಟು ಜೋರಾಗಿತ್ತೋ ಏನೋ, ತೆನೆ ತಿಕ್ಕುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟು ಮಂದಿಯೆದುರು ಆ ಹುಡುಗಿಯ ಗುಟ್ಟು ಬಯಲಾಯಿತಲ್ಲ ಎಂದು ನನಗೆ ಸಂಕಟವಾಯಿತು. ಆಕೆ ಒಬ್ಬಳೇ ತಲೆ ತಗ್ಗಿಸಿ ಕೂರುವಂತೆ ಆಗಬಾರದು. ಅದಕ್ಕಾಗಿ ನನ್ನ ಗುಟ್ಟನ್ನೂ ಅಲ್ಲೇ ಬಿಚ್ಚಿದೆ. ಅವತ್ತು ಹೇಳಿದ್ದನ್ನೇ ಈಗ ಬರೆಯುತ್ತಿದ್ದೇನೆ.

ನಮ್ಮ ಮಾಮಾ ಟೇಲರ್. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಎರಡು ಮಷಿನ್ ಹಿಡಿಸುವಷ್ಟು ಅಂಗಡಿ, ಹಳೇ ಹುಬ್ಬಳ್ಳಿಯಲ್ಲಿ ಮನೆ. ಹೈಸ್ಕೂಲು ಓದಲೆಂದು ನನ್ನನ್ನು ಅವರ ಮನೆಯಲ್ಲಿ ಬಿಟ್ಟಿದ್ದರು. 1997ರಲ್ಲಿ ನನಗೆ ಹದಿಮೂರು ವರ್ಷ. ಬೆಳಿಗ್ಗೆ ಸಾಲಿಗೆ ಹೋಗುವ ಮುಂಚೆ ನನಗೊಂದು ಕೆಲಸವಿತ್ತು, ಸೂಜಿಗೆ ದಾರ ಪೋಣಿಸುವುದು. ಮಾಮಾ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಹೊಸೆದು, ಸೂಜಿಯ ಕಣ್ಣಿಗೆ ತರುತ್ತಿದ್ದರು. ದಾರ ಒಮ್ಮೆ ಕಣ್ಣಿನ ಎಡಕ್ಕೆ ಹೋಗುತ್ತಿತ್ತು, ಒಮ್ಮೆ ಬಲಕ್ಕೆ. ಮೂರನೇ ಸಲಕ್ಕೆ ಕೈ ಕೆಳಗಿಳಿಸಿ, ಏನೂ ಮಾತಾಡದೆ, ಸೂಜಿ ಚುಚ್ಚಿದ ಗಾದಿಯನ್ನು ನನ್ನ ಪುಸ್ತಕದ ಮೇಲೆ ಇಡುತ್ತಿದ್ದರು. ನಾನು ಹತ್ತಿಪ್ಪತ್ತು ಸೂಜಿಗೆ ದಾರ ಹಾಕಿ ಸಾಲಾಗಿ ಚುಚ್ಚಿಟ್ಟು ಸಾಲಿಗೆ ಓಡುತ್ತಿದ್ದೆ. ಒಂಬತ್ತಕ್ಕೆ ಸಾರಾಯಿ ಪಾಕೀಟು ಒಳಗೆ ಹೋದರೆ ಅದೇ ಕೈ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಗೆರೆ ಎಳೆಯದೆ ಕೋಟಿನ ಬಟ್ಟೆ ಕತ್ತರಿಸಬಲ್ಲ ಟೇಲರುಗಳು ಆಗ ಬೈಲಿನಲ್ಲಿ ಎಷ್ಟು ಮಂದಿ ಇದ್ದರು? ಮಾಮಾ ಅವರಲ್ಲೊಬ್ಬರು. ಖುಷಿಗೆ ಕುಡಿಯುತ್ತಾನೆ, ಸೊಕ್ಕಿಗೆ ಕುಡಿಯುತ್ತಾನೆ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ನಡುಕ ನಿಲ್ಲಲಿ ಎಂದು ಕುಡಿಯುತ್ತಾರೆಂಬುದು ಗೊತ್ತಿದ್ದದ್ದು ಸೂಜಿ ಪೋಣಿಸುವ ನನಗೆ ಮಾತ್ರ. ಹದಿಮೂರರ ಹುಡುಗನ ಮಾತನ್ನು ಯಾರು ಕೇಳಬೇಕು?

ಆ ವರ್ಷ ಶಿವರಾತ್ರಿಗೆ ಹಿರಿಯರೆಲ್ಲ ಸೇರಿ ಮಾಮಾನನ್ನು ಸಿದ್ಧಾರೂಢ ಮಠಕ್ಕೆ ಕರೆದೊಯ್ದು ಗದ್ದಿಗೆ ಮುಟ್ಟಿಸಿ ಆಣೆ ಮಾಡಿಸಿದರು. ಮಾಮಾ ಕಣ್ಣು ತುಂಬಿ ಆಣೆ ಮಾಡಿದರು, ಅದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಮೊದಲ ದಿನ ಮೈಯೆಲ್ಲ ಬೆವರು. ಎರಡನೇ ದಿನ ರಾತ್ರಿಯೆಲ್ಲ ನಿದ್ದೆ ಇಲ್ಲ. ಮೂರನೇ ರಾತ್ರಿ ಎಚ್ಚರಾಗಿ ನೋಡಿದರೆ ಮಾಮಾ ಹಾಸಿಗೆಯ ಮೇಲೆ ಕೂತು ಕೌದಿಯಿಂದ ಟಾಚಣಿ ಆರಿಸುತ್ತಿದ್ದರು. ಒಂದೊಂದನ್ನೂ ಎರಡು ಬೆರಳಲ್ಲಿ ಹಿಡಿದು, ತುಟಿಗಳ ನಡುವೆ ಇಟ್ಟುಕೊಂಡು, ಮುಂದಿನದಕ್ಕೆ ಕೈ ಹಾಕುತ್ತಿದ್ದರು. ಕೌದಿಯಲ್ಲಿ ಒಂದು ಟಾಚಣಿಯೂ ಇರಲಿಲ್ಲ. ಆಮೇಲೆ ಕಾಲು ಒಂದೇ ಸಮನೆ ಆಡತೊಡಗಿದವು. ಇಲ್ಲದ ಮಷಿನ್ ತುಳಿಯುತ್ತಿದ್ದರು. ಮಾಮಿ ಹೆಸರು ಹಿಡಿದು ಕೂಗಿದರೆ, "ದೀಪಾವಳಿ ಆರ್ಡರ್ ಐತಿ, ಸುಮ್ಮನಿರು," ಅಂದರು. ಅದು ಫಾಲ್ಗುಣ ಮಾಸ.

ಓಣಿ ಕೂಡಿತು. "ಕದ್ದು ಕುಡದಾನ, ಆರೂಢಜ್ಜ ಸಿಟ್ಟಾಗ್ಯಾನ," ಅಂದರು. ಅವರು ಒಂದು ಹನಿಯನ್ನೂ ಮುಟ್ಟಿರಲಿಲ್ಲ. ಆಣೆ ಪಾಲಿಸಿದ್ದಕ್ಕೇ ಆ ಗತಿ ಬಂದಿತ್ತು. ವರ್ಷಾನುಗಟ್ಟಲೆ ದಿನವೂ ಹೆಂಡಕ್ಕೆ ಒಗ್ಗಿದ ಮೆದುಳಿಗೆ ಅದನ್ನು ಒಮ್ಮೆಲೇ ತಪ್ಪಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಜೀವವೂ ಹೋಗಬಹುದು. ಆ ದಿನಗಳನ್ನು ದಾಟಿಸಲು ಡಾಕ್ಟರು ಬೇಕು, ನರಗಳನ್ನು ಶಾಂತ ಮಾಡುವ ಔಷಧವನ್ನು ದಿನದಿನಕ್ಕೆ ಇಳಿಸುತ್ತಾ ಕೊಡಬೇಕು, ಥಯಾಮಿನ್ ಚುಚ್ಚಬೇಕು. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅವತ್ತು ಬೆಳಗಿನ ಜಾವ ಹಿರಿಯರೊಬ್ಬರು ಕರುಣೆಯಿಂದಲೇ ಒಂದು ಪಾಕೀಟು ತಂದು ಮಾಮಾನ ಬಾಯಿಗೆ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಟಾಚಣಿ ಮಾಯವಾದವು. ಸಂಜೆ ಹೊತ್ತಿಗೆ ಊರೆಲ್ಲ ಮಾತು, ಇವನಿಗೆ ದೇವರ ಮೇಲೂ ಭಕ್ತಿ ಇಲ್ಲ ಎಂದು.

ಗುಳಿಗೆ ಬಂದದ್ದು ಮರುವರ್ಷ, 1998ರ ದೀಪಾವಳಿಯ ಮುಂಚೆ. ಸಂಬಂಧಿಕರೊಬ್ಬರು ಸಣ್ಣ ಕಾಗದದ ಪೊಟ್ಟಣ ತಂದು ಮಾಮಿಯ ಕೈಗಿಟ್ಟು, "ದಿನಾ ಒಂದು, ಅವಗ ಗೊತ್ತಾಗಬಾರದು," ಅಂದರು. ಕುಡಿತದ ಗಂಡಸಿರುವ ಮನೆಗಳಲ್ಲಿ ಈ ಪೊಟ್ಟಣ ಅವತ್ತೂ ಹೊಸದಲ್ಲ, ಇವತ್ತೂ ಹಳೆಯದಾಗಿಲ್ಲ. ಮಾಮಿಯ ಕೈ ಮುಂದಾಗಲಿಲ್ಲ, ನನ್ನ ಕೈಗೆ ಕೊಟ್ಟರು. ಹಿತ್ತಲ ಕಲ್ಲಿನ ಮೇಲೆ ಗುಂಡಿನಿಂದ ಅರೆದೆ. ಬಿಳಿ ಪುಡಿ. ಮಾಮಾನ ಬಟ್ಟಲಿನ ಬ್ಯಾಳಿಗೆ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಮೇಲೆ ಬರುವಂತೆ ಕಲಸಿದೆ. ನಾಲ್ಕು ದಿನ ಹೀಗೆ ಮಾಡಿದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ನನಗೆ ಹೆಮ್ಮೆಯಿತ್ತು.

ಆ ನಾಲ್ಕು ದಿನ ಮಾಮಾ ಹಬ್ಬದ ಹೊಲಿಗೆಯಲ್ಲಿ ಮುಳುಗಿದ್ದರು, ಕೈ ನಡುಗದಷ್ಟೇ, ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಮುಖ ಕೆಂಪೇರುತ್ತಿತ್ತು, ತಲೆ ಸಿಡಿಯುತ್ತದೆ ಎನ್ನುತ್ತಿದ್ದರು. ಗುಳಿಗೆ ಕೆಲಸ ಮಾಡುತ್ತಿದೆ ಎಂದು ನಾವು ಒಳಗೊಳಗೇ ಹಿಗ್ಗಿದೆವು. ಐದನೇ ದಿನ ಗಿರಾಕಿಗಳು ದುಡ್ಡು ಕೊಟ್ಟರು. ರಾತ್ರಿ ಒಂಬತ್ತೂವರೆಗೆ ಹೊಸ್ತಿಲು ದಾಟಿ ಬಂದ ಮಾಮಾನನ್ನು ನೋಡಿ ಮಾಮಿ ಚೀರಿದರು. ಮುಖ, ಕುತ್ತಿಗೆ, ಎದೆ ಎಲ್ಲ ಕುದಿಯುವ ನೀರು ಸುರಿದಂತೆ ಕೆಂಪಾಗಿದ್ದವು. ಕಣ್ಣಿನ ಬಿಳಿ ಭಾಗವೂ ಕೆಂಪು. ವಾಂತಿಯ ಮೇಲೆ ವಾಂತಿ. ಅಂಗಿಯ ಮೇಲಿಂದಲೇ ಎದೆ ಬಡಿಯುವುದು ಕಾಣುತ್ತಿತ್ತು. "ಉಸರ ಸಿಗವಲ್ತು," ಅಂದರು. ಅಷ್ಟರಲ್ಲಿ ಆ ಕೆಂಪೆಲ್ಲ ಇಳಿದು ಬಣ್ಣ ಬೂದಿಯಾಯಿತು, ಮಾಮಾ ಕುಸಿದರು.

ಆಟೋದಲ್ಲಿ ಕೆಎಂಸಿಗೆ ಒಯ್ದೆವು. ಆಗ ಆ ಆಸ್ಪತ್ರೆಯ ಹೆಸರು ಕಿಮ್ಸ್, ಹುಬ್ಬಳ್ಳಿಯ ಮಂದಿಗೆ ಮಾತ್ರ ಅದು ಕೆಎಂಸಿಯೇ. ಡ್ಯೂಟಿಯಲ್ಲಿದ್ದ ಸಣ್ಣ ವಯಸ್ಸಿನ ಡಾಕ್ಟರಮ್ಮ ಮೂರು ಸಲ ಕೇಳಿದರು, ಕುಡಿತದ ಜೊತೆ ಬೇರೆ ಏನು ಹೊಟ್ಟೆಗೆ ಹೋಗಿದೆ ಎಂದು. ಸಂಬಂಧಿಕರು ಸುಮ್ಮನಿದ್ದರು. ಮಾಮಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ನಾನು ಸ್ಟ್ರೆಚರಿನ ಕಬ್ಬಿಣ ಹಿಡಿದುಕೊಂಡು, "ನಾನು ಗುಳಿಗಿ ಅರದು ಬ್ಯಾಳ್ಯಾಗ ಹಾಕೀನ್ರಿ," ಅಂದೆ. ಆಕೆ ಬೈಯಲಿಲ್ಲ. ಸಲೈನ್ ಏರಿಸುತ್ತಲೇ ಮಾಮಿಗೆ ಹೇಳಿದರು, ಇದರ ಗುಣ ಎರಡು ವಾರದ ತನಕ ಮೈಯಲ್ಲಿ ಇರಬಹುದು, ಕೆಮ್ಮಿನ ಸಿರಪ್ಪನ್ನೂ ಕೊಡಬೇಡಿ, ಅದರಲ್ಲೂ ಆಲ್ಕೋಹಾಲ್ ಇರುತ್ತದೆ ಎಂದು.

ಆ ಗುಳಿಗೆ ಡೈಸಲ್ಫಿರಾಮ್. ರಬ್ಬರ್ ಉದ್ಯಮದಲ್ಲಿ ಈ ಜಾತಿಯ ರಾಸಾಯನಿಕಗಳ ನಡುವೆ ದುಡಿಯುವವರಿಗೆ ಕುಡಿದರೆ ತಡೆಯುವುದಿಲ್ಲ ಎಂದು ಅಮೆರಿಕದ ಕಾರ್ಖಾನೆ ವೈದ್ಯರೊಬ್ಬರು 1937ರಲ್ಲೇ ಬರೆದಿದ್ದರು. ಡೆನ್ಮಾರ್ಕಿನ ಸಂಶೋಧಕರಾದ ಹಾಲ್ಡ್ ಮತ್ತು ಯಾಕೋಬ್ಸನ್ ಡೈಸಲ್ಫಿರಾಮ್ ಹೊಟ್ಟೆಹುಳದ ಔಷಧವಾದೀತೇನೋ ಎಂದು ತಾವೇ ನುಂಗಿ ನೋಡಿದರು. ಆಮೇಲೆ ಒಂದು ಗುಟುಕು ಕುಡಿದರೂ ಮೈ ಕೆಂಪಾಗುತ್ತದೆಂದು ಕಂಡುಕೊಂಡರು. 1948ರಲ್ಲಿ ಅದು ಕುಡಿತದ ಚಿಕಿತ್ಸೆಯಾಗಿ ಪ್ರಕಟವಾಯಿತು. ಹೆಂಡ ಮೈಯಲ್ಲಿ ಕರಗುವಾಗ ನಡುವೆ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ಸಾಮಾನ್ಯವಾಗಿ ಅದು ಬೇಗ ಕರಗಿ ಹೋಗುತ್ತದೆ, ಈ ಗುಳಿಗೆ ಅದನ್ನು ಕರಗಲು ಬಿಡುವುದಿಲ್ಲ. ಹಾಗಾಗಿ ನುಂಗಿದವನಿಗೆ ಇವತ್ತು ಕುಡಿಯಬಾರದೆಂದು ಗೊತ್ತಿರಬೇಕು. ಅದು ಗೊತ್ತಿಲ್ಲದವನ ಹೊಟ್ಟೆಯಲ್ಲಿ ಈ ಗುಳಿಗೆ ಬರೀ ವಿಷ.

ಮಾಮಾ ಬದುಕಿದರು. ಮನೆಗೆ ಬಂದ ಮೇಲೆ ಯಾರ ಮೇಲೂ ಸಿಟ್ಟಾಗಲಿಲ್ಲ. ಊಟಕ್ಕೆ ಕೂತಾಗ ಮಾತ್ರ ತಾಟನ್ನು ಮಾಮಿಯ ಕಡೆ ಸರಿಸಿದರು. ಮಾಮಿ ರೊಟ್ಟಿ ಮುರಿದು, ಬ್ಯಾಳಿಯಲ್ಲಿ ಅದ್ದಿ, ತಾವು ತಿಂದರು. ಪಲ್ಯ ತಿಂದರು. ಮಜ್ಜಿಗೆ ಕುಡಿದರು. ಆಮೇಲೆ ಮಾಮಾ ತುತ್ತು ಎತ್ತಿದರು. ಹೆಚ್ಚುಕಡಿಮೆ ಒಂದು ವರ್ಷ ಎರಡು ಹೊತ್ತೂ ಇದೇ ನಡೆಯಿತು. ಗಂಡ ಕುಡಿದು ಬಂದು ಗದ್ದಲ ಮಾಡಿದ ದಿನಗಳಲ್ಲೂ ಮಾಮಿ ಇಷ್ಟು ಸವೆದದ್ದನ್ನು ನಾನು ನೋಡಿರಲಿಲ್ಲ. ಕುಡಿತ ಹೆಚ್ಚಾಯಿತು. ಮನೆಯ ಊಟ ಕಡಿಮೆಯಾಯಿತು.

2001ರಲ್ಲಿ ಊರ ಹೊರಗಿನ ಕುಡಿತ ಬಿಡಿಸುವ ಒಂದು ಖಾಸಗಿ ಕೇಂದ್ರದವರು ರಾತ್ರಿ ಗಾಡಿ ತಂದು ಮಾಮಾನನ್ನು ಎತ್ತಿಕೊಂಡು ಹೋದರು. ಮಾಮಿಯ ಬೋರಮಾಳ ಅಡವಿಟ್ಟು ದುಡ್ಡು ಕಟ್ಟಿದ್ದೆವು. ತೊಂಬತ್ತು ದಿನ ಮುಖ ನೋಡಲು ಬಿಡಲಿಲ್ಲ, ಫೋನೂ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಹೊರಗೆ ಬಿಟ್ಟರು, ಹನ್ನೆರಡಕ್ಕೆ ಮಾಮಾ ಕುಡಿದಿದ್ದರು. ಹರಡಿನ ಸುತ್ತ ಒಂದು ಕಪ್ಪು ಗೆರೆ ಬಿದ್ದಿತ್ತು. ಅದರ ಬಗ್ಗೆ ಅವರು ಸಾಯುವ ತನಕ ಬಾಯಿ ಬಿಡಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಡಿತ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳನ್ನೂ ಕಾಯಿಲೆಯೆಂದೇ ಎಣಿಸುತ್ತದೆ. ಕಾಯಿಲೆಯವರನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟಬಾರದೆಂದು ಸ್ಪಷ್ಟವಾಗಿ ಬರೆದಿದೆ. ಆ ಅಕ್ಷರಗಳನ್ನು ಮೊದಲ ಸಲ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಹರಡು.

ಮರುವರ್ಷ ಮಾಮಾ ತಾವಾಗಿಯೇ, "ಧಾರವಾಡಕ್ಕ ಹೋಗೂಣು ನಡಿ," ಅಂದರು. ಧಾರವಾಡಕ್ಕೆ ಹೋಗುವುದು ಎಂದರೆ ಹುಬ್ಬಳ್ಳಿಯಲ್ಲಿ ಬೇರೆಯೇ ಅರ್ಥ. 1845ರಲ್ಲಿ ಶುರುವಾದ ಮಾನಸಿಕ ಆಸ್ಪತ್ರೆ ಅಲ್ಲಿದೆ, ಈಗ ಅದೇ ಡಿಮ್ಹಾನ್ಸ್. ಆ ಊರಿನ ಮನೋವೈದ್ಯರೊಬ್ಬರ ಬಳಿಗೆ ಹೋದೆವು. ಆಗ ಎರಡೂ ಊರ ನಡುವೆ ಓಡುವ ವೇಗದ ಚಿಗರಿ ಬಸ್ಸಿರಲಿಲ್ಲ. ಉಣಕಲ್ಲ, ನವನಗರ, ರಾಯಾಪುರ ಎಂದು ನಿಂತು ನಿಂತು ಹೋಗುವ ಸಿಟಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ಮಾಮಾ ಕಣ್ಣು ಮುಚ್ಚಿಕೊಂಡಿದ್ದರು.

ಡಾಕ್ಟರು ಮೊದಲು ಬಾಟ್ಲಿಯ ಸುದ್ದಿ ತೆಗೆಯಲಿಲ್ಲ. "ಸಂಜೀ ಅಂಗಡಿ ಬಾಗಲಾ ಹಾಕಿದ ಮ್ಯಾಲೆ ಯಾವ ಹಾದಿ ಹಿಡದು ಮನೀಗೆ ಹೋಗ್ತೀರಿ?" ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಮಾಮಾನನ್ನು ಹಾಗೆ ಯಾರೂ ಕೇಳಿರಲಿಲ್ಲ. ನಾವೆಲ್ಲ ಕೇಳಿದ್ದು ಒಂದೇ, ಬಿಟ್ಟಿಯೋ ಇಲ್ಲೋ? ಮಾಮಾ ಹಾದಿ ಹೇಳಿದರು. ಆ ಹಾದಿಯಲ್ಲಿ ಮೂರು ಸಾರಾಯಿ ಅಂಗಡಿಗಳಿದ್ದವು. ದಾಜಿಬಾನ ಪೇಟೆಯ ತುಳಜಾಭವಾನಿ ಗುಡಿಯ ಮುಂದೆ ಹಾಯ್ದು ಸುತ್ತಿ ಹೋದರೆ ಎಷ್ಟು ಹೊತ್ತಾಗುತ್ತದೆಂದು ಇಬ್ಬರೂ ಸೇರಿ ಲೆಕ್ಕ ಹಾಕಿದರು. ನಡುಕದ ದಿನಗಳನ್ನು ದಾಟಲು ಹತ್ತು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಟಾಚಣಿ ಈ ಸಲ ಬರಲಿಲ್ಲ.

ರಕ್ತ, ಲಿವರ್, ಎದೆ ಎಲ್ಲ ಪರೀಕ್ಷೆಯಾದ ಮೇಲೆ ಡಾಕ್ಟರು ಒಂದು ಗುಳಿಗೆ ತೋರಿಸಿ, ಅದು ಏನು ಮಾಡುತ್ತದೆಂದು ನಿಧಾನವಾಗಿ ಹೇಳಿದರು. ನುಂಗಿದ ಮೇಲೆ ಕುಡಿದರೆ ಜೀವಕ್ಕೆ ಅಪಾಯ, ನುಂಗುವುದು ಬಿಡುವುದು ನಿಮ್ಮ ಕೈಯಲ್ಲಿದೆ, ಅಂದರು. ಮಾಮಾ ಗುಳಿಗೆಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು. "ಇದು ಅದs ಏನ್ರೀ?" ಮಾಮಿ ಗೋಡೆಯ ಕಡೆ ಮುಖ ಮಾಡಿದರು. "ಅದs," ಅಂದರು ಡಾಕ್ಟರು. ಮಾಮಾ ಅವತ್ತು ಒಪ್ಪಲಿಲ್ಲ. ಮುಂದಿನ ವಾರ ಒಪ್ಪಿದರು. ದಿನಾ ಬೆಳಿಗ್ಗೆ ಚಹಾಕ್ಕಿಂತ ಮುಂಚೆ ಮಾಮಿಯ ಮುಂದೆ ನಿಂತು, ಬಾಯಿ ತೆರೆದು ನಾಲಿಗೆಯ ಮೇಲಿನ ಗುಳಿಗೆ ತೋರಿಸಿ, ನೀರು ಕುಡಿಯುತ್ತಿದ್ದರು. ಹಾಗೆ ತೋರಿಸಬೇಕೆಂದು ಹೇಳಿದ್ದು ಡಾಕ್ಟರಲ್ಲ, ಮಾಮಾನೇ.

ಒಂದು ದಿನ ಅಂಗಡಿಯಲ್ಲಿ ಇಬ್ಬರೇ ಇದ್ದಾಗ, ಅವತ್ತು ಗುಳಿಗೆ ಅರೆದದ್ದು ನಾನು ಎಂದು ಹೇಳಿಬಿಟ್ಟೆ. ಮಾಮಾ ಗುಂಡಿ ಹಚ್ಚುತ್ತಿದ್ದರು. ದಾರ ಕಚ್ಚಿ ಹರಿದು ಅಂದರು, "ನನ್ನs ಕೇಳಬೇಕಿತ್ತಲ್ಲೋ. ಕೇಳಿದ್ರ ನಾನs ನುಂಗ್ತಿದ್ನಿ."

ಅದೇ ಗುಳಿಗೆ, ಅದೇ ಮನುಷ್ಯ. 1998ರಲ್ಲಿ ಅದು ಅವರನ್ನು ಸ್ಟ್ರೆಚರಿನ ಮೇಲೆ ಮಲಗಿಸಿತು, 2002ರಲ್ಲಿ ಊರುಗೋಲಾಯಿತು. ನಡುವೆ ಬದಲಾದದ್ದು, ಈ ಸಲ ಅವರನ್ನು ಕೇಳಿದ್ದರು ಎಂಬುದೊಂದೇ. ಕುಡಿತ ಬಿಡಿಸುವುದು ಎನ್ನುತ್ತೇವೆ ನಾವು. ಬಿಡುವವನು ಅವನು, ಬಿಡಿಸುವವರು ಮಾತ್ರ ನಾವೆಲ್ಲ! ಆಣೆ ನಾವು ಹಾಕಿಸುತ್ತೇವೆ, ಪುಡಿ ನಾವು ಕಲಸುತ್ತೇವೆ, ಗಾಡಿ ನಾವು ಕರೆಸುತ್ತೇವೆ. ಇಷ್ಟೆಲ್ಲ ಆದರೂ ಅವನು ಬಿದ್ದರೆ, ತಪ್ಪು ಅವನದು.

ಆಣೆ, ಶಿಬಿರ ಎಲ್ಲವೂ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಕ್ಕೆ ಹೋಗಿ, ಆಮೇಲೆ ನವಜೀವನ ಸಮಿತಿಯ ಸಭೆ ತಪ್ಪಿಸದೆ ಹೊಸ ಬಾಳು ಕಟ್ಟಿಕೊಂಡವರು ನನ್ನ ಗೆಳೆಯರಲ್ಲೇ ಇದ್ದಾರೆ. ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಯಲ್ಲಿ ವೃತ್ತಾಕಾರದಲ್ಲಿ ಕೂತು ಬದುಕಿದವರೂ ಇದ್ದಾರೆ. ಅಲ್ಲೆಲ್ಲ ಹೋದವನು ಮನಸ್ಸು ಮಾಡಿ ಹೋಗಿರುತ್ತಾನೆ, ಮರಳಿ ಹೋಗಲು ಒಂದು ಜಾಗ ಇರುತ್ತದೆ. ನಮ್ಮ ನೆರೆಯ ಗೋವಾದಲ್ಲಿ ಇನ್ನೊಂದು ರೀತಿ ಮಾಡಿ ನೋಡಿದ್ದಾರೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಡಾಕ್ಟರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಕುಡಿತದಿಂದ ಹಾನಿ ಶುರುವಾದ ಗಂಡಸರ ಜೊತೆ ಹೆಚ್ಚೆಂದರೆ ನಾಲ್ಕು ಸಲ ಮಾತಿಗೆ ಕೂರಿಸಿದರು. 377 ಜನರ ಆ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಮೂರು ತಿಂಗಳಿಗೆ, ಹಾಗೆ ಮಾತಿಗೆ ಕೂತವರಲ್ಲಿ ನೂರಕ್ಕೆ 36 ಮಂದಿ ಅಪಾಯದ ಕುಡಿತದಿಂದ ಹೊರಬಂದಿದ್ದರು, ಉಳಿದವರಲ್ಲಿ 26. ದೊಡ್ಡ ಪವಾಡವೇನಲ್ಲ. ಆದರೆ ಸರಪಳಿಯಿಲ್ಲ, ಬೋರಮಾಳ ಅಡವಿಡುವುದಿಲ್ಲ. ನಮ್ಮ ದೇಶದಲ್ಲಿ ಕುಡಿತಕ್ಕೆ ಅಂಟಿಕೊಂಡವರಲ್ಲಿ 38 ಜನರಿಗೆ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಗುತ್ತಿದೆ ಎಂದು 2019ರ ಏಮ್ಸ್ ವರದಿ ಹೇಳಿತು.

ಮಾಮಾ ಆಮೇಲೆ ನಾಲ್ಕು ಸಲ ಬಿದ್ದರು. ಮೊದಲ ಸಲ, 2003ರಲ್ಲಿ, ಮಗಳ ಮದುವೆ ಮುಗಿದ ವಾರ. ಗುಳಿಗೆ ನಿಲ್ಲಿಸಿ, ಕಾದು, ಕುಡಿದರು. ಧಾರವಾಡಕ್ಕೆ ಬರಲು ನಾಚಿಕೆ, ನಾನೇ ಎಳೆದುಕೊಂಡು ಹೋದೆ. ಡಾಕ್ಟರು ಫೈಲು ತಿರುವಿ, "ಎಷ್ಟು ತಿಂಗಳಾಗಿತ್ತು?" ಅಂದರು. "ಹದಿಮೂರು." "ಅದಕ್ಕಿಂತ ಮೊದಲು ನೀವಾಗೇ ಎಂದರ ಹದಿಮೂರು ದಿನ ಕುಡೀದs ಇದ್ರೇನು?" ಮಾಮಾ ಇಲ್ಲವೆಂದು ತಲೆಯಾಡಿಸಿದರು. "ಹದಿಮೂರು ತಿಂಗಳು ಎಲ್ಲೂ ಹೋಗಿಲ್ಲ, ಅವು ನಿಮ್ಮವs." ಮನೆಗೆ ಬಂದು ಮಾಮಿ ಶಾಬಾದಿಮಠ ಕ್ಯಾಲೆಂಡರಿನಲ್ಲಿ ಕುಡಿಯದ ದಿನಕ್ಕೊಂದು ಕುಂಕುಮದ ಬೊಟ್ಟು ಇಡತೊಡಗಿದರು. ಹಳೆಯ ಕ್ಯಾಲೆಂಡರುಗಳನ್ನೂ ಹುಡುಕಿ ತೆಗೆದು, ಹಿಂದಿನ ಹದಿಮೂರು ತಿಂಗಳಿಗೂ ಇಟ್ಟರು.

ಮೂರನೇ ಸಲ ಬಿದ್ದದ್ದು 2007ರ ಜುಲೈಯಲ್ಲಿ. ಆ ತಿಂಗಳ ಒಂದನೇ ತಾರೀಖಿನಿಂದ ರಾಜ್ಯದಲ್ಲಿ ಸಾರಾಯಿ ನಿಂತಿತ್ತು. ಇನ್ನೇನು ಚಿಂತೆಯಿಲ್ಲ ಎಂದಿದ್ದರು ಎಲ್ಲ. ಪಾಕೀಟು ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಬಂದು ಕೂತಿತ್ತು. ಜುಲೈ 1 ಧಾರವಾಡಕ್ಕೆ ಇನ್ನೊಂದು ಕಾರಣಕ್ಕೂ ನೆನಪಿನ ದಿನ. 1921ರ ಆ ದಿನ ಜಕಣಿ ಬಾವಿಯ ಬಳಿ ಹೆಂಡದಂಗಡಿಯ ಮುಂದೆ ಪಿಕೆಟಿಂಗ್ ನಡೆಸುತ್ತಿದ್ದ ಜನರ ಮೇಲೆ ಬ್ರಿಟಿಷ್ ಸರಕಾರದ ಪೊಲೀಸರು ಗುಂಡು ಹಾರಿಸಿದರು, ಮೂವರು ಸತ್ತರು. ಈಗಿನ ನಮ್ಮ ಸರಕಾರ 2023-24ಕ್ಕೆ ಅಬಕಾರಿಯಿಂದ ಇಟ್ಟುಕೊಂಡ ಗುರಿ 36,000 ಕೋಟಿ ರೂಪಾಯಿ. ಒಬ್ಬ ಟೇಲರನ ಮನಸ್ಸು ಗಟ್ಟಿಯಿಲ್ಲ ಎಂದು ಬೈಯುವವರು ಈ ಅಂಕಿಯನ್ನೂ ಒಮ್ಮೆ ಬಾಯಿ ಬಿಟ್ಟು ಹೇಳಲಿ.

ಮಾಮಾ 2016ರಲ್ಲಿ ಎದೆನೋವಿನಿಂದ ತೀರಿಕೊಂಡರು. ಮಣ್ಣಿಗೆ ಬಂದವರಲ್ಲಿ ಒಬ್ಬರು, "ಪಾಪ, ಕಡೀತನಕ ಪೂರ್ತಿ ಬಿಡಲಿಲ್ಲ," ಅಂದದ್ದು ಕೇಳಿಸಿತು. ಹನ್ನೊಂದನೇ ದಿನ ಮುಗಿದ ರಾತ್ರಿ ಮಾಮಿ ಟ್ರಂಕಿನಿಂದ ಸುರುಳಿ ಸುತ್ತಿದ ಕ್ಯಾಲೆಂಡರುಗಳನ್ನು ತೆಗೆದರು. ಹದಿನಾಲ್ಕು ವರ್ಷ. ಇಬ್ಬರೂ ಕೂತು ಬೊಟ್ಟು ಇಲ್ಲದ ಮನೆಗಳನ್ನು ಎಣಿಸಿದೆವು. ಅರವತ್ತಮೂರು.

ಇಷ್ಟು ಹೇಳುವ ಹೊತ್ತಿಗೆ ಕುಣಿಯ ಕೆಂಡಕ್ಕೆ ಬೂದಿ ಕವಿದಿತ್ತು. ಒಂದು ತೆನೆ ಮರೆತು ಕರಕಲಾಗಿತ್ತು. ಆ ಹುಡುಗಿ ಗೋಣಿತಟ್ಟಿನ ನೂಲು ಕೀಳುತ್ತಾ ಕೂತಿದ್ದಳು. ಬಹಳ ಹೊತ್ತಿನ ಮೇಲೆ ಕೇಳಿದಳು, "ನಾನು ಕೇಳಿದ್ರ ಅವರು ಹೂಂ ಅಂತಾರಂತೀರೇನ್ರಿ?"

"ಗೊತ್ತಿಲ್ಲವಾ," ಅಂದೆ. "ಸಂಜೀ ಮುಂದ ಅವರು ಯಾವ ಹಾದೀಲೆ ಮನೀಗೆ ಬರ್ತಾರ, ಅದನ್ನರ ಮೊದಲ ಕೇಳು."

ಬೀಗರ ಹೊಲದಲ್ಲಿ ಫೋನು ಹಿಡಿಯುವುದು ಬದುವಿನ ಮೇಲಿನ ಬೇವಿನ ಗಿಡದ ಹತ್ತಿರ ಮಾತ್ರ. ಆಕೆ ಎದ್ದು, ಸೆರಗು ಹೊದ್ದುಕೊಂಡು, ಕತ್ತಲಲ್ಲಿ ಆ ಕಡೆ ನಡೆದಳು. ಗಿಡದ ಬುಡದಲ್ಲಿ ಫೋನಿನ ಬೆಳಕು ಹೊತ್ತಿಕೊಂಡಿತು.